ಕಳುಹಿಸಿದ ಮೇಲೆ ಕಂಡ ತಪ್ಪು: ಆಫೀಸಿನ ಇಮೇಲ್ ಎಡವಟ್ಟುಗಳಿಂದ ಕಲಿಯುವುದು ಹೇಗೆ

ಶಿವಮೊಗ್ಗದ ಎಪಿಎಂಸಿ ಯಾರ್ಡಿನ ಅಡಿಕೆ ಮಂಡಿ ಇರಲಿ, ಗಾಂಧಿ ಬಜಾರಿನ ಹೋಲ್‌ಸೇಲ್ ಅಂಗಡಿ ಇರಲಿ, ಮಾಚೇನಹಳ್ಳಿಯ ಫೌಂಡ್ರಿ ಇರಲಿ, ಇಮೇಲ್ ಇಲ್ಲದೆ ಕೆಲಸ ಸಾಗುವ ಆಫೀಸು ಈಗ ಸಿಗುವುದು ಕಷ್ಟ. ಕೊಟೇಶನ್, ಇನ್‌ವಾಯ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್, ನೋಟಿಸಿಗೆ ಉತ್ತರ ಎಲ್ಲವೂ ಅದರಲ್ಲೇ. ಟ್ಯಾಲಿ ಕಲಿಸಲು ಊರಲ್ಲಿ ಬೇಕಾದಷ್ಟು ಸೆಂಟರುಗಳಿವೆ. ಮೇಲ್ ಕಳುಹಿಸುವುದನ್ನು ಮಾತ್ರ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಹೊಸಬರು ತಪ್ಪು ಮಾಡಿಯೇ ಕಲಿಯಬೇಕು. ಎಷ್ಟೋ ಜನ ಕಲಿಯುವುದೂ ಇಲ್ಲ, ಹೆದರುವುದನ್ನಷ್ಟೇ ರೂಢಿ ಮಾಡಿಕೊಳ್ಳುತ್ತಾರೆ.

ದುರ್ಗಿಗುಡಿಯ ಒಂದು ತೆರಿಗೆ ಸಲಹಾ ಕಚೇರಿಯಲ್ಲಿ ಹೊಸದಾಗಿ ಸೇರಿದವರಿಗೆ ಕೆಲಸ ಹೇಳಿಕೊಡುವುದು ನನ್ನ ಪಾಲಿನ ಕೆಲಸ. ಅಲ್ಲಿ ನೋಡಿದ್ದನ್ನು ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ‘ಇನ್ಮೇಲೆ ಹುಷಾರಾಗಿರ್ತೀನಿ ಸರ್’ ಅಂದದ್ದರಿಂದ ಯಾವ ತಪ್ಪೂ ನಿಂತದ್ದನ್ನು ನಾನು ಕಂಡಿಲ್ಲ. ಕೆಲಸದ ಕ್ರಮದಲ್ಲಿ ಏನಾದರೂ ಒಂದು ಬದಲಾದಾಗ ಮಾತ್ರ ಆ ತಪ್ಪು ಮತ್ತೆ ಬಂದಿಲ್ಲ. ಹಾಗಾಗಿ ಇಲ್ಲಿ ಎಚ್ಚರಿಕೆಯ ಮಾತು ಕಡಿಮೆ, ಕ್ರಮ ಬದಲಿಸುವ ಮಾತು ಹೆಚ್ಚು.

ಮೊದಲ ಕಾಲು ಗಂಟೆ

ತಪ್ಪು ಮೇಲ್ ಹೋಯಿತು ಅಂತ ತಿಳಿದ ತಕ್ಷಣ ಕೈ ಓಡುವುದು ‘ಅನ್‌ಡೂ’ ಕಡೆಗೆ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲೇ ಗೊತ್ತಿರಬೇಕು. ಜಿಮೇಲ್ ಹೋದ ಮೇಲನ್ನು ವಾಪಸ್ ತರುವುದಿಲ್ಲ. ಕಳುಹಿಸುವ ಮುನ್ನ ಕೆಲವು ಸೆಕೆಂಡು ತನ್ನಲ್ಲೇ ತಡೆದಿಟ್ಟುಕೊಳ್ಳುತ್ತದೆ, ಅಷ್ಟೆ. ನಾವು ಏನೂ ಮುಟ್ಟದಿದ್ದರೆ ಆ ತಡೆ 5 ಸೆಕೆಂಡು ಮಾತ್ರ. ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್ ತೆರೆದು, ಜನರಲ್ ಅನ್ನುವ ಪುಟದಲ್ಲಿ ‘ಅನ್‌ಡೂ ಸೆಂಡ್’ ಎದುರು 10, 20 ಅಥವಾ 30 ಸೆಕೆಂಡು ಮಾಡಿಕೊಳ್ಳಬಹುದು. ಪುಟದ ಕೆಳಗಡೆ ಸೇವ್ ಒತ್ತುವುದನ್ನು ಮರೆಯಬೇಡಿ. ಈ ಲೇಖನ ಓದುವುದನ್ನು ಇಲ್ಲೇ ನಿಲ್ಲಿಸಿ ಮೊದಲು 30 ಮಾಡಿಕೊಂಡು ಬನ್ನಿ ಅಂತಲೇ ಹೇಳುತ್ತೇನೆ. ಎಷ್ಟೋ ತಪ್ಪು ಕಣ್ಣಿಗೆ ಬೀಳುವುದು ಸೆಂಡ್ ಒತ್ತಿದ ಮರುಕ್ಷಣ.

ಔಟ್‌ಲುಕ್‌ನಲ್ಲಿ ‘ರೀಕಾಲ್’ ಅಂತ ಒಂದಿದೆ. ಅದು ನಡೆಯುವುದು ಕಳುಹಿಸಿದವರು ಮತ್ತು ಪಡೆದವರು ಇಬ್ಬರೂ ಒಂದೇ ಸಂಸ್ಥೆಯ ಮೈಕ್ರೋಸಾಫ್ಟ್ ಖಾತೆಯಲ್ಲಿದ್ದಾಗ. ಹೊರಗಿನ ಗಿರಾಕಿಯ ಜಿಮೇಲ್‌ಗೆ ಹೋದದ್ದು ಅದರಿಂದ ಬರುವುದಿಲ್ಲ. ಕಂಪ್ಯೂಟರಿಗೆ ಹಾಕಿಕೊಳ್ಳುವ ಹಳೆಯ ಔಟ್‌ಲುಕ್ ಇದ್ದರೆ ರೂಲ್ಸ್‌ನಲ್ಲಿ ಪ್ರತಿ ಮೇಲನ್ನೂ ಕೆಲವು ನಿಮಿಷ ತಡೆದು ಕಳುಹಿಸುವಂತೆ ಮಾಡಬಹುದು. ರೀಕಾಲ್‌ಗಿಂತ ಅದೇ ಮೇಲು.

ಸೆಕೆಂಡುಗಳು ಮುಗಿದವೋ, ಮೇಲ್ ಬಿಟ್ಟು ಫೋನ್ ತೆಗೆದುಕೊಳ್ಳಿ. ನಮ್ಮಲ್ಲಿ ತೀರ್ಥಹಳ್ಳಿಯ ಒಬ್ಬರ ಬ್ಯಾಂಕ್ ಸ್ಟೇಟ್‌ಮೆಂಟ್ ಅದೇ ಹೆಸರಿನ ಸಾಗರದವರಿಗೆ ಹೋಯಿತು. ಕಳುಹಿಸಿದ ಹುಡುಗಿ ಮುಖ ಬಾಡಿಸಿಕೊಂಡು ಕೂರಲಿಲ್ಲ, ಅಲ್ಲೇ ಫೋನ್ ಮಾಡಿದಳು.

“ಮಂಜಣ್ಣ, ನಮಸ್ಕಾರ. ಆಡಿಟರ್ ಆಫೀಸಿಂದ ಮಾತಾಡ್ತಿರೋದು. ನಿಮ್ಮ ಮೇಲ್‌ಗೆ ಬೇರೆಯವರ ಕಾಗದ ಬಂದುಬಿಟ್ಟಿದೆ, ನಮ್ಮದೇ ತಪ್ಪು. ದಯವಿಟ್ಟು ತೆರೀದೆ ಡಿಲೀಟ್ ಮಾಡಿ. ಟ್ರ್ಯಾಶ್‌ನಿಂದಲೂ ತೆಗೆದುಬಿಡಿ.”

“ಅದಕ್ಕೇನಂತೆ ತಂಗಿ, ಈಗಲೇ ತೆಗೀತೀನಿ. ತಡಿ, ಲೈನಲ್ಲೇ ಇರು.”

ಟ್ರ್ಯಾಶ್ ಮಾತು ಹೇಳಿದ್ದು ಸರಿಯಾದದ್ದೇ. ಜಿಮೇಲ್‌ನಲ್ಲಿ ಡಿಲೀಟ್ ಮಾಡಿದ್ದು 30 ದಿನ ಟ್ರ್ಯಾಶ್‌ನಲ್ಲಿ ಇರುತ್ತದೆ. ಅವಳು ಆಮೇಲೆ ನನಗೆ ಹೇಳಿದಳು, ನಾನು ತೀರ್ಥಹಳ್ಳಿಯವರಿಗೆ ಫೋನ್ ಮಾಡಿ ಹೀಗಾಗಿದೆ ಅಂದೆ. ಯಾರ ಕಾಗದವೋ ಅವರಿಗೆ ಹೇಳುವುದು ಬೇಡ, ಗೊತ್ತಾಗುವುದಿಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೂಡ ಗೊತ್ತಿಲ್ಲದೆ ಆದ ಬಹಿರಂಗವನ್ನು ಸೋರಿಕೆ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಸಂಬಂಧಪಟ್ಟವರಿಗೆ ತಿಳಿಸಬೇಕು ಅನ್ನುತ್ತದೆ. ಕಾಯ್ದೆ ಪಕ್ಕಕ್ಕಿರಲಿ, ಸಣ್ಣ ಊರು ನಮ್ಮದು. ಇವತ್ತಲ್ಲ ನಾಳೆ ಮದುವೆ ಮನೆಯಲ್ಲಿ ಆ ಇಬ್ಬರೂ ಪಕ್ಕಪಕ್ಕದಲ್ಲಿ ಊಟಕ್ಕೆ ಕೂರುತ್ತಾರೆ. ನಿಮ್ಮಿಂದ ಕೇಳಬೇಕಾದ ಮಾತು ಅಲ್ಲಿ ಕಿವಿಗೆ ಬಿದ್ದರೆ ನಂಬಿಕೆ ಹೋಯಿತು.

ಗಾಬರಿಯಲ್ಲಿ ಜನ ಮಾಡುವ ಇನ್ನೊಂದು ಕೆಲಸ, ‘ಹಿಂದಿನ ಮೇಲ್ ನೋಡಬೇಡಿ’ ಅಂತ ಒಂದು ಸಾಲು ಕಳುಹಿಸುವುದು. ಅದನ್ನು ಓದಿದವರು ಮೊದಲು ಮಾಡುವುದೇ ಹಿಂದಿನ ಮೇಲ್ ತೆರೆಯುವುದು. ಗುಟ್ಟಿನ ಕಾಗದವಲ್ಲದೆ ಬರೀ ಅಂಕಿ ತಪ್ಪಿದ್ದರೆ ತಿದ್ದಿದ ಮೇಲನ್ನೇ ಪೂರ್ತಿಯಾಗಿ ಕಳುಹಿಸಿ. ಸಬ್ಜೆಕ್ಟ್ ಸಾಲಿನ ಶುರುವಿಗೆ ‘ತಿದ್ದುಪಡಿ’ ಅಂತ ಹಾಕಿ. ಒಳಗೆ ಇಷ್ಟು ಸಾಕು:

“ನಮಸ್ಕಾರ. ಬೆಳಿಗ್ಗೆ 11ಕ್ಕೆ ಕಳುಹಿಸಿದ ಕೊಟೇಶನ್‌ನಲ್ಲಿ ಸಾಗಾಟದ ವೆಚ್ಚ ಸೇರಿಸಿರಲಿಲ್ಲ. ತಪ್ಪು ನಮ್ಮದು, ಕ್ಷಮಿಸಿ. ಸರಿಯಾದ ಪೂರ್ತಿ ಕೊಟೇಶನ್ ಲಗತ್ತಿಸಿದ್ದೇನೆ. ದಯವಿಟ್ಟು ಇದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.”

ಏನು ತಪ್ಪು, ಸರಿ ಯಾವುದು, ಕ್ಷಮೆ ಒಂದು ಸಲ. ಹುಷಾರಿರಲಿಲ್ಲ, ಸಿಸ್ಟಂ ಹ್ಯಾಂಗ್ ಆಗಿತ್ತು, ಹೊಸ ಹುಡುಗ ಮಾಡಿದ್ದು, ಇವು ಬೇಡ. ಎದುರಿನವರಿಗೆ ಬೇಕಾದದ್ದು ಸರಿಯಾದ ಅಂಕಿ.

ಅದೇ ದಿನ ಬರೆದಿಡಿ

ತಪ್ಪು ಸರಿಹೋದ ಮೇಲೆ ಎಲ್ಲರೂ ಉಸಿರು ಬಿಟ್ಟು ಮರೆಯುತ್ತಾರೆ. ಕಲಿಯುವ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ. ನಮ್ಮಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇದೆ. ಆ ಹುಡುಗಿ ಅಂದು ಬರೆದದ್ದು ಹೀಗಿತ್ತು:

ಜುಲೈ 19, ಮಧ್ಯಾಹ್ನ. ತೀರ್ಥಹಳ್ಳಿಯವರ ಸ್ಟೇಟ್‌ಮೆಂಟ್ ಸಾಗರದವರಿಗೆ ಹೋಯಿತು. ‘ಮಂಜು’ ಅಂತ ಟೈಪ್ ಮಾಡಿದಾಗ ಮೊದಲು ಬಂದ ಹೆಸರನ್ನೇ ಒತ್ತಿದೆ. ಆಗ ಕರೆಂಟ್ ಹೋಗಿ ಯುಪಿಎಸ್ ಕೂಗುತ್ತಿತ್ತು, ನಾಳೆ ಜಿಎಸ್‌ಟಿ 3ಬಿ ರಿಟರ್ನ್ ಕೊನೇ ದಿನ. ಬದಲಾವಣೆ: ಎಲ್ಲ ಮಂಜುನಾಥರ ಹೆಸರಿನ ಮುಂದೆ ಊರು ಸೇರಿಸಿದೆ.

ಕೊನೆಯ ಸಾಲು ಇಲ್ಲದೆ ಬರಹ ಮುಗಿದ ಹಾಗಲ್ಲ. ಅಲ್ಲಿ ‘ಜಾಗ್ರತೆ ವಹಿಸುವುದು’ ಅಂತ ಬರೆಯುವ ಹಾಗಿಲ್ಲ. ಕೈಯಿಂದ ಮಾಡಿ ತೋರಿಸಬಹುದಾದ ಒಂದು ಕೆಲಸ ಇರಬೇಕು. ‘ಆ ಹೊತ್ತಿಗೆ ಏನು ನಡೆಯುತ್ತಿತ್ತು’ ಅನ್ನುವ ಸಾಲನ್ನೂ ಬಿಡಬೇಡಿ. ಕೆಲವು ತಿಂಗಳು ಬರೆದ ಮೇಲೆ ಪುಟ ತಿರುವಿ ನೋಡಿದರೆ ತಪ್ಪುಗಳು ಎಲ್ಲೆಂದರಲ್ಲಿ ಆಗಿಲ್ಲ ಅನ್ನುವುದು ಕಾಣುತ್ತದೆ. ನಮ್ಮಲ್ಲಿ ಅವು ಗುಂಪಾಗಿ ಬೀಳುವುದು ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೇ ದಿನಗಳಾದ ಜಿಎಸ್‌ಟಿಆರ್-1ರ 11ನೇ ತಾರೀಖು, 3ಬಿಯ 20ನೇ ತಾರೀಖಿನ ಹಿಂದಿನ ದಿನಗಳಲ್ಲಿ, ಮತ್ತು ಮಳೆಗಾಲದಲ್ಲಿ ಯುಪಿಎಸ್ ಕೂಗುವಾಗ. ಅದು ಕಂಡಮೇಲೆ ಒಂದು ನಿಯಮ ಮಾಡಿಕೊಂಡೆವು: ಕರೆಂಟ್ ಹೋದರೆ ಬರೆದದ್ದನ್ನು ಡ್ರಾಫ್ಟ್‌ನಲ್ಲಿ ಬಿಟ್ಟು ಎದ್ದುಬಿಡುವುದು. ಯುಪಿಎಸ್ ಇರುವುದು ಕಂಪ್ಯೂಟರ್ ಸರಿಯಾಗಿ ಬಂದ್ ಮಾಡಲಿಕ್ಕೆ, ಅವಸರದಲ್ಲಿ ಮೇಲ್ ಕಳುಹಿಸಲಿಕ್ಕಲ್ಲ.

ವಿಳಾಸ ಕೊನೆಗೆ, ಲಗತ್ತು ಮೊದಲಿಗೆ

ಮೇಲ್ ತೆರೆದರೆ ಮೇಲಿಂದ ಕೆಳಕ್ಕೆ ತುಂಬುತ್ತಾ ಹೋಗುವುದು ಅಭ್ಯಾಸ: ವಿಳಾಸ, ವಿಷಯ, ಮ್ಯಾಟರ್, ಕೊನೆಗೆ ಫೈಲು. ಇದನ್ನು ಪೂರ್ತಿ ತಿರುಗಿಸಿ. ಫೈಲು ಮೊದಲು ಲಗತ್ತಿಸಿ, ಆಮೇಲೆ ಬರೆಯಿರಿ, ಆಮೇಲೆ ಸಬ್ಜೆಕ್ಟ್, ಎಲ್ಲ ಓದಿ ಆದ ಮೇಲೆ ವಿಳಾಸ. ವಿಳಾಸ ಖಾಲಿ ಇದ್ದರೆ ಮೇಲ್ ಎಲ್ಲಿಗೂ ಹೋಗುವುದಿಲ್ಲ, ಕೈತಪ್ಪಿ ಸೆಂಡ್ ಒತ್ತಿದರೂ. ಉತ್ತರ ಬರೆಯುವಾಗ ವಿಳಾಸ ಮೊದಲೇ ಕೂತಿರುತ್ತದೆ. ಮುಖ್ಯವಾದ ಉತ್ತರವಾದರೆ ಅದನ್ನು ಅಳಿಸಿ, ಕೊನೆಗೆ ಮತ್ತೆ ಹಾಕಿ. ನಾನು ಹೇಳುವುದರಲ್ಲಿ ಒಂದೇ ಒಂದನ್ನು ಪಾಲಿಸುತ್ತೀರಿ ಅಂತಾದರೆ ಇದನ್ನು ಪಾಲಿಸಿ.

ಹೆಸರಿನ ಗೋಜಲು ನಮ್ಮ ಕಡೆ ವಿಶೇಷವಾಗಿ ಜಾಸ್ತಿ. ಮಂಜುನಾಥ, ರಾಘವೇಂದ್ರ, ನಾಗರಾಜ, ಗಣಪತಿ, ಯಾವ ಆಫೀಸಿನ ಪಟ್ಟಿ ತೆಗೆದರೂ ಒಂದೊಂದು ಹೆಸರಿಗೆ ಹಲವು ಜನ. ಮೇಲಾಗಿ ಜಿಮೇಲ್ ನೀವು ಒಮ್ಮೆ ಬರೆದವರನ್ನೆಲ್ಲ ‘ಅದರ್ ಕಾಂಟ್ಯಾಕ್ಟ್ಸ್’ ಅನ್ನುವ ಕಡೆ ತಾನಾಗಿ ಸೇರಿಸಿಕೊಂಡು, ಎರಡಕ್ಷರ ಒತ್ತಿದರೆ ಮುಂದೆ ತಂದಿಡುತ್ತದೆ. ಕಾಂಟ್ಯಾಕ್ಟ್ಸ್ ತೆರೆದು ಪ್ರತಿ ಹೆಸರನ್ನೂ ಹೆಸರು, ಊರು, ವ್ಯವಹಾರ ಅಂತ ತಿದ್ದಿ: ‘ಮಂಜುನಾಥ ಸಾಗರ ಅಡಿಕೆ’, ‘ಮಂಜುನಾಥ ತೀರ್ಥಹಳ್ಳಿ ಹೋಟೆಲ್’. ಬೇಡವಾದ ಹಳೆಯ ವಿಳಾಸಗಳನ್ನು ಅಳಿಸಿ. ಜನರಲ್ ಸೆಟ್ಟಿಂಗ್ಸ್‌ನಲ್ಲೇ ಹೊಸಬರನ್ನು ತಾನಾಗಿ ಸೇರಿಸದಂತೆ ಮಾಡುವ ಆಯ್ಕೆಯೂ ಇದೆ. ಒಂದು ಮಧ್ಯಾಹ್ನದ ಬೇಸರದ ಕೆಲಸ, ಆದರೆ ಮಾಡಿದ ಮೇಲೆ ವರ್ಷಗಟ್ಟಲೆ ನೆಮ್ಮದಿ.

ಫೈಲಿನ ವಿಷಯಕ್ಕೆ ಬಂದರೆ, ಲಗತ್ತಿಸುವುದು ಮರೆಯುವುದು ಸಣ್ಣ ತಪ್ಪು, ಎದುರಿನವರು ನಕ್ಕು ಕೇಳುತ್ತಾರೆ. ತಪ್ಪು ಫೈಲು ಹೋಗುವುದು ದೊಡ್ಡದು. ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಸರ್ ಹೇಳಿದ್ದು’ ಅಂತ ಹೆಸರಿಟ್ಟರೆ ತಪ್ಪುವುದು ಖಂಡಿತ. ಗಿರಾಕಿಯ ಹೆಸರು, ವಿಷಯ, ತಾರೀಖು ಇಷ್ಟು ಇರಲಿ. ಲಗತ್ತಿಸಿದ ಮೇಲೆ ಫೋಲ್ಡರಿನಲ್ಲಿರುವುದನ್ನು ನೋಡಬೇಡಿ, ಮೇಲ್‌ನೊಳಗೆ ಕೂತಿರುವ ಫೈಲನ್ನೇ ಒತ್ತಿ ತೆರೆದು ನೋಡಿ.

ಎಕ್ಸೆಲ್ ಬಗ್ಗೆ ಒತ್ತಿ ಹೇಳಬೇಕು. ಕಾಣುವ ಶೀಟ್ ಒಂದೇ ಇದ್ದರೂ ಹಿಂದೆ ಇನ್ನೊಬ್ಬ ಗಿರಾಕಿಯ ಶೀಟ್ ಇರಬಹುದು, ಮರೆಮಾಡಿದ ಕಾಲಂನಲ್ಲಿ ನಿಮ್ಮ ಕೊಂಡ ದರ ಇರಬಹುದು. ಎದುರಿನವರು ‘ಅನ್‌ಹೈಡ್’ ಒತ್ತಿದರೆ ಎಲ್ಲ ಬಯಲು. ಅವರು ಅಂಕಿ ತಿದ್ದಬೇಕಾಗಿಲ್ಲ ಅಂದರೆ ಪಿಡಿಎಫ್ ಮಾಡಿಯೇ ಕಳುಹಿಸಿ.

ಆಧಾರ್, ಪ್ಯಾನ್, ಪಾಸ್‌ಬುಕ್ ಪ್ರತಿಗಳನ್ನು ಪಾಸ್‌ವರ್ಡ್ ಹಾಕಿದ ಪಿಡಿಎಫ್‌ನಲ್ಲಿ ಕಳುಹಿಸಿ, ಪಾಸ್‌ವರ್ಡ್ ಫೋನಿನಲ್ಲಿ ಹೇಳಿ. ಮೇಲ್ ದಾರಿ ತಪ್ಪಿದರೂ ಕಾಗದ ತೆರೆಯುವುದಿಲ್ಲ. ಆಧಾರ್‌ನ ಪೂರ್ತಿ ಸಂಖ್ಯೆ ಬೇಡವಾದ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್‌ಡ್’ ಆಧಾರ್ ಅನ್ನು ಯುಐಡಿಎಐ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. 25 ಎಂಬಿ ಮೀರಿದ ಫೈಲನ್ನು ಜಿಮೇಲ್ ತಾನೇ ಗೂಗಲ್ ಡ್ರೈವ್ ಲಿಂಕ್ ಮಾಡುತ್ತದೆ. ಸಣ್ಣ ಫೈಲನ್ನೂ ಹಾಗೆ ಕಳುಹಿಸಿದರೆ ಒಂದು ಅನುಕೂಲ ಇದೆ: ತಪ್ಪು ಕಡೆ ಹೋಯಿತು ಅಂತ ಗೊತ್ತಾದ ಕ್ಷಣ ಅವರ ಅನುಮತಿ ತೆಗೆಯಬಹುದು. ಲಿಂಕ್ ಸಿಕ್ಕ ಯಾರು ಬೇಕಾದರೂ ತೆರೆಯಬಹುದು ಅನ್ನುವ ಆಯ್ಕೆ ಮಾತ್ರ ಇಡಬೇಡಿ.

ಕೆಳಗೆ ಉದ್ದಕ್ಕೆ ಬಿದ್ದಿರುವ ಹಳೆಯ ಮಾತು

ಫಾರ್ವರ್ಡ್ ಮಾಡುವಾಗ ಜನ ನೋಡುವುದು ಮೇಲಿನ ಎರಡು ಸಾಲು. ಕೆಳಗೆ ಹದಿನೈದು ದಿನದ ಸಂಭಾಷಣೆ ಹಾಗೇ ಹೋಗುತ್ತದೆ. ಅದರ ನಡುವೆ ಸಾಹುಕಾರರು ಮ್ಯಾನೇಜರಿಗೆ ಬರೆದ ‘ಹಟ ಮಾಡಿದರೆ ಇನ್ನೂ ಎರಡು ಪರ್ಸೆಂಟ್ ಬಿಡಿ’ ಅನ್ನುವ ಮಾತು ಇದ್ದರೆ ಚೌಕಾಸಿ ಅಲ್ಲಿಗೆ ಮುಗಿಯಿತು. ಹೊರಗಿನವರಿಗೆ ಫಾರ್ವರ್ಡ್ ಮಾಡಲೇಬೇಡಿ. ಬೇಕಾದಷ್ಟನ್ನು ಕಾಪಿ ಮಾಡಿ ಹೊಸ ಮೇಲ್ ಬರೆಯಿರಿ.

‘ರಿಪ್ಲೈ ಆಲ್’ ಬಗ್ಗೆ ಎಲ್ಲರಿಗೂ ಗೊತ್ತು. ಬಿಸಿಸಿ, ಅಂದರೆ ಅಲ್ಲಿ ಹಾಕಿದ ವಿಳಾಸ ಬೇರೆಯವರಿಗೆ ಕಾಣದ ಸಾಲು, ಅದರ ಬಗ್ಗೆ ಅಷ್ಟು ಗೊತ್ತಿಲ್ಲ. ಹಲವು ಗಿರಾಕಿಗಳಿಗೆ ಒಂದೇ ಸೂಚನೆ ಕಳುಹಿಸುವಾಗ ಅವರ ವಿಳಾಸಗಳೆಲ್ಲ ಬಿಸಿಸಿಯಲ್ಲೇ ಇರಬೇಕು, ಇಲ್ಲದಿದ್ದರೆ ನಿಮ್ಮ ಗಿರಾಕಿಗಳ ಪಟ್ಟಿಯನ್ನೇ ಹಂಚಿದ ಹಾಗೆ. ಆದರೆ ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರಿಗೆ ಗುಟ್ಟಾಗಿ ತೋರಿಸಲು ಬಿಸಿಸಿ ಬಳಸಬೇಡಿ. ಗುಟ್ಟಿನಲ್ಲಿದ್ದವರು ಮರೆತು ರಿಪ್ಲೈ ಆಲ್ ಒತ್ತಿದರೆ ಅವರ ಉತ್ತರ ಎಲ್ಲರಿಗೂ ಹೋಗಿ ವಿಷಯ ಹೊರಬೀಳುತ್ತದೆ. ಅವರಿಗೆ ತಿಳಿಸಲೇಬೇಕಿದ್ದರೆ ಕಳುಹಿಸಿದ ಮೇಲನ್ನು ಆಮೇಲೆ ಬೇರೆಯಾಗಿ ಅವರಿಗೆ ಕಳುಹಿಸಿ.

ಮಲೆನಾಡಿನ ನೆಟ್‌ವರ್ಕ್, ಅಡಿಕೆಯ ದರ

ಹೊಸನಗರ, ಆಗುಂಬೆ ಕಡೆ ಓಡಾಡುವವರಿಗೆ ಇದು ಗೊತ್ತಿರುವ ಪಾಡು. ಮೊಬೈಲಿನಲ್ಲಿ ಬೆಳಿಗ್ಗೆ ಸೆಂಡ್ ಒತ್ತಿದ ಮೇಲ್ ಔಟ್‌ಬಾಕ್ಸ್‌ನಲ್ಲೇ ಕೂತಿರುತ್ತದೆ. ಹೋಗಿಲ್ಲ ಅಂತ ಇನ್ನೊಮ್ಮೆ ಬರೆಯುತ್ತೇವೆ. ಸಂಜೆ ಘಾಟಿ ಇಳಿದೋ ಪೇಟೆಗೆ ಬಂದೋ ಸಿಗ್ನಲ್ ಸಿಕ್ಕಿದಾಗ ಎರಡೂ ಹೋಗುತ್ತವೆ, ಬೆಳಗಿನ ಹಳೆಯ ದರದ್ದೂ ಸೇರಿ.

ಔಟ್‌ಬಾಕ್ಸ್ ನೋಡದೆ ಎರಡನೇ ಸಲ ಬರೆಯಬೇಡಿ. ಅದಕ್ಕಿಂತ ಮುಖ್ಯವಾಗಿ, ತಡವಾಗಿ ತಲುಪಿದರೂ ತೊಂದರೆ ಆಗದ ಹಾಗೆ ಮೇಲ್ ಬರೆಯಿರಿ. ‘ದರ ಇಷ್ಟು, ಬೇಗ ತಿಳಿಸಿ’ ಅನ್ನುವುದು ಅರ್ಧ ಮೇಲ್. ಅಡಿಕೆಯ ಬಗೆ ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ, ದರ ಕ್ವಿಂಟಲಿಗೋ ಕೆಜಿಗೋ, ಸಾಗಾಟ ಸೇರಿಯೋ ಬಿಟ್ಟೋ, ಯಾವ ತಾರೀಖಿನ ದರ, ಇದು ಎಷ್ಟು ಗಂಟೆವರೆಗೆ ನಿಲ್ಲುತ್ತದೆ, ಎಲ್ಲ ಬರೆಯಿರಿ. ‘ಈ ದರ ಇವತ್ತು ಸಂಜೆ 5ರವರೆಗೆ ಮಾತ್ರ’ ಅಂತ ತಾರೀಖಿನ ಸಮೇತ ಒಂದು ಸಾಲಿದ್ದರೆ ರಾತ್ರಿ ತಲುಪಿದ ಮೇಲ್ ಹಿಡಿದು ಯಾರೂ ಜಗಳಕ್ಕೆ ಬರುವುದಿಲ್ಲ. ಮೊತ್ತವನ್ನು ಅಂಕಿಯ ಜೊತೆ ಅಕ್ಷರದಲ್ಲೂ ಬರೆಯಿರಿ. ಚೆಕ್ಕಿನಲ್ಲಿ ಬರೆಯುವುದಾದರೆ ಕೊಟೇಶನ್‌ನಲ್ಲಿ ಯಾಕೆ ಬೇಡ?

ಕನ್ನಡದಲ್ಲಿ ಮೇಲ್ ಬರೆಯುವವರಿಗೆ ಒಂದು ಮಾತು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ ಮೇಲ್‌ಗೆ ಅಂಟಿಸಿದರೆ, ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಎಲ್ಲ ಕಡೆ ಸರಿಯಾಗಿ ಕಾಣುವ ಯುನಿಕೋಡ್‌ನಲ್ಲಿ ಟೈಪ್ ಮಾಡಿ, ಹಳೆಯ ಫೈಲಾದರೆ ಪಿಡಿಎಫ್ ಮಾಡಿ ಲಗತ್ತಿಸಿ. ಇದಕ್ಕೆ ಹೆದರಿ ಬಾರದ ಇಂಗ್ಲಿಷಿನಲ್ಲಿ ಬರೆಯಬೇಡಿ. ಎದುರಿನವರು ಕನ್ನಡದವರಾಗಿದ್ದರೆ ನೇರವಾಗಿ ಕನ್ನಡದಲ್ಲಿ ಬರೆದ ನಾಲ್ಕು ಸಾಲು ಹೆಚ್ಚು ಸ್ಪಷ್ಟ, ಹೆಚ್ಚು ಮರ್ಯಾದೆಯದ್ದು.

ಸಿಟ್ಟು ಬಂದಾಗ ಬರೆದ ಮೇಲ್ ರಾತ್ರಿ ಕಳೆಯಲಿ. ವಿಳಾಸ ಕೊನೆಗೆ ಅನ್ನುವ ನಿಯಮ ಇಲ್ಲೂ ಕಾಯುತ್ತದೆ.

‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’

ಬೇರೆಲ್ಲ ತಪ್ಪಿಗೂ ಪರಿಹಾರ ಇದೆ. ಇದೊಂದರಲ್ಲಿ ದುಡ್ಡು ಹೋದರೆ ವಾಪಸ್ ಬರುವುದು ಬಹಳ ಕಷ್ಟ. ಮೋಸಗಾರರು ನಿಮ್ಮ ಅಥವಾ ನಿಮ್ಮ ವ್ಯಾಪಾರಿಯ ಮೇಲ್‌ಬಾಕ್ಸ್‌ಗೆ ನುಗ್ಗಿ ಸದ್ದಿಲ್ಲದೆ ಓದುತ್ತಾ ಇರುತ್ತಾರೆ. ಸರಿಯಾಗಿ ಪೇಮೆಂಟ್ ಹೊತ್ತಿಗೆ ಅದೇ ಹೆಸರು, ಅದೇ ಸಹಿ, ಒಂದಕ್ಷರ ಮಾತ್ರ ವ್ಯತ್ಯಾಸವಿರುವ ವಿಳಾಸದಿಂದ ಮೇಲ್ ಬರುತ್ತದೆ: ಆಡಿಟ್ ನಡೆಯುತ್ತಿದೆ, ಈ ಸಲ ಹೊಸ ಖಾತೆಗೆ ಹಾಕಿ. ಇನ್‌ವಾಯ್ಸ್ ನಂಬರೂ ಸರಿ ಇರುತ್ತದೆ, ಅದಕ್ಕೇ ನಂಬುತ್ತಾರೆ.

ಖಾತೆ ಬದಲಾವಣೆಯನ್ನು ಮೇಲ್ ನೋಡಿ ಒಪ್ಪುವುದೇ ಇಲ್ಲ ಅಂತ ಆಫೀಸಿನಲ್ಲಿ ಬರೆದು ಅಂಟಿಸಿ. ಫೋನ್ ಮಾಡಿ ಕೇಳಿ, ಆ ಮೇಲ್‌ನಲ್ಲಿರುವ ನಂಬರಿಗಲ್ಲ, ನಿಮ್ಮ ಡೈರಿಯಲ್ಲಿರುವ ಹಳೆಯ ನಂಬರಿಗೆ. ದನಿ ಗುರುತು ಸಿಗುವವರ ಹತ್ತಿರವೇ ಮಾತಾಡಿ. ಆರ್‌ಟಿಜಿಎಸ್, ನೆಫ್ಟ್ ಮಾಡುವ ಮುನ್ನ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತ್ತು. ಅದನ್ನು ಬಳಸಿ, ಹೆಸರು ಹೊಂದದಿದ್ದರೆ ನಿಲ್ಲಿಸಿ.

ದುಡ್ಡು ಹೋಗಿಯೇಬಿಟ್ಟಿದ್ದರೆ ಅವಮಾನ ಅಂತ ಒಂದು ರಾತ್ರಿಯೂ ಮುಚ್ಚಿಡಬೇಡಿ. ತಕ್ಷಣ ಬ್ಯಾಂಕಿಗೆ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯಬೇಕು, ಅಷ್ಟೇ ಇರುವ ದಾರಿ. ಅದಾದ ಮೇಲೆ ಮೇಲ್‌ನ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ ಹಾಕಿ, ಸೆಟ್ಟಿಂಗ್ಸ್‌ನ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಪುಟಗಳನ್ನು ನೋಡಿ. ನಿಮಗೆ ಬಂದ ಮೇಲ್ ಎಲ್ಲ ಗೊತ್ತಿಲ್ಲದ ವಿಳಾಸಕ್ಕೂ ಹೋಗುವಂತೆ ಅಲ್ಲಿ ಯಾರೋ ಮಾಡಿಟ್ಟಿರಬಹುದು. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ.

ಮೇಲಿನವರು ಮಾಡಬೇಕಾದದ್ದು

ನೋಟ್‌ಬುಕ್ ನಡೆಯುವುದೂ ನಿಲ್ಲುವುದೂ ಆಫೀಸಿನ ಹಿರಿಯರ ಕೈಯಲ್ಲಿದೆ. ಕಿರಿಯರು ಬಂದು “ಸರ್, ತಪ್ಪಾಗಿ ಕಳಿಸಿಬಿಟ್ಟೆ” ಅಂದಾಗ ನಾಲ್ಕು ಜನರ ಎದುರು ಬೈದರೆ ಮುಂದಿನ ಸಲ ಅವರು ಹೇಳುವುದಿಲ್ಲ, ಮುಚ್ಚಿಡುತ್ತಾರೆ. ಮೊದಲ ಕಾಲು ಗಂಟೆ ಕೈಬಿಟ್ಟು ಹೋಗುವುದು ಹೀಗೆ. “ಯಾರಿಗೆ ಹೋಯ್ತು? ಫೋನ್ ಮಾಡಿದ್ಯಾ?” ಇಷ್ಟೇ ಮೊದಲು ಕೇಳಿ. ಬೈಯುವುದಿದ್ದರೆ ಹೇಳದೆ ಮುಚ್ಚಿಟ್ಟದ್ದಕ್ಕೆ ಬೈಯಿರಿ.

ಪುಸ್ತಕದಲ್ಲಿ ತಪ್ಪು ಮಾಡಿದವರ ಹೆಸರು ಬರೆಸಬೇಡಿ. ಸಂಬಳ ಹೆಚ್ಚಿಸುವ ಹೊತ್ತಿಗೆ ಅದನ್ನು ತೆಗೆದು ನೋಡಬೇಡಿ. ತಿಂಗಳಿಗೊಮ್ಮೆ, 20ನೇ ತಾರೀಖಿನ ಗಡಿಬಿಡಿ ಮುಗಿದ ಮಾರನೇ ದಿನ ಚಹಾ ಹೊತ್ತಿಗೆ, ಒಬ್ಬರು ಜೋರಾಗಿ ಓದಲಿ. ಬದಲಾವಣೆಯ ಸಾಲು ಬಂದಾಗ ಅದು ಇನ್ನೂ ನಡೆಯುತ್ತಿದೆಯಾ ಅಂತ ಕೇಳಿ. ನಡೆಯುತ್ತಿಲ್ಲ ಅಂದರೆ ಯಾಕೆ ಅಂತಲೂ ಕೇಳಿ. ಕೆಲವು ಬದಲಾವಣೆಗಳು ಕೆಲಸಕ್ಕೆ ಅಡ್ಡ ಬರುತ್ತವೆ, ಅಂಥವನ್ನು ಹೊಡೆದುಹಾಕಿ ಸುಲಭವಾದ ಇನ್ನೊಂದನ್ನು ಬರೆಯಿರಿ. ಹೊಸಬರು ಸೇರಿದ ದಿನ ಕಂಪ್ಯೂಟರಿನ ಪಾಸ್‌ವರ್ಡ್ ಕೊಡುವ ಮೊದಲು ಆ ಪುಸ್ತಕ ಓದಲು ಕೊಡಿ, ಓದಿದ ಮೇಲೆ ಅವರ ಕೈಯಲ್ಲೇ ಅನ್‌ಡೂ ಸಮಯವನ್ನು 30 ಸೆಕೆಂಡಿಗೆ ಬದಲಿಸಿ.